ಅಪ್ಪನಾಗಿ ರಾಜಾಜಿ
ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದ ರಾಜಾಜಿ, ಹೆಂಡತಿ ತೀರಿಕೊಂಡ ಮೇಲೆ ಮರುಮದುವೆಯಾಗದೆ ಐದು ಮಕ್ಕಳನ್ನು ಬೆಳೆಸಿದರು. ಸಂಪ್ರದಾಯಸ್ಥ ಬ್ರಾಹ್ಮಣ. ಆದರೂ ಮಗಳು ಲಕ್ಷ್ಮಿ ಗಾಂಧೀಜಿಯ ಮಗ ದೇವದಾಸರನ್ನು ಮೆಚ್ಚಿದಾಗ ಜಾತಿ ಬೇರೆಯೆಂದು ಬಾಗಿಲು ಮುಚ್ಚಲಿಲ್ಲ. ಇಬ್ಬರು ಅಪ್ಪಂದಿರೂ ಐದು ವರ್ಷ ಕಾಯಲು ಹೇಳಿದರು, ಅಷ್ಟೇ. 1933ರಲ್ಲಿ ಮದುವೆಯಾಯಿತು. ಈ ರಾಜಾಜಿ ನನಗಿಷ್ಟ.

ಇವರೇ ಮದ್ರಾಸ್ ಮುಖ್ಯಮಂತ್ರಿಯಾಗಿ 1953ರಲ್ಲಿ ಹಳ್ಳಿ ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಶಾಲೆ, ಉಳಿದ ಹೊತ್ತು ಮನೆಯ ಕಸುಬು ಎಂಬ ಯೋಜನೆ ತಂದರು. ಕುಲಕಸುಬಿನ ಶಿಕ್ಷಣವೆಂದು ಜನ ಸಿಡಿದೆದ್ದರು. ಮರುವರ್ಷ ಅವರು ಅಧಿಕಾರ ಬಿಟ್ಟರು, ಯೋಜನೆಯೂ ಹೋಯಿತು. 1959ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಸ್ವತಂತ್ರ ಪಕ್ಷ ಕಟ್ಟಿ ಲೈಸೆನ್ಸ್-ಪರ್ಮಿಟ್ ಆಡಳಿತವನ್ನು ಎದುರಿಸಿದ್ದು ದೊಡ್ಡ ಧೈರ್ಯವೇ. ಆದರೆ ಬಿಇ ಓದುತ್ತಿರುವ ನಾನು ಬಡಗಿಯ ಮಗ. ಮಗಳಿಗೆ ಕೊಟ್ಟ ಆಯ್ಕೆಯನ್ನು ನನ್ನಂಥವರಿಗೇಕೆ ಕೊಡಲಿಲ್ಲ ಎಂದು ಅವರನ್ನು ಕೇಳಬೇಕೆನಿಸುತ್ತದೆ.