ಬಸವಣ್ಣ

ಬಸವಣ್ಣನವರು 12ನೆಯ ಶತಮಾನದ ಶಿವಶರಣರು, ವಚನಕಾರರು ಹಾಗೂ ಕಳಚುರಿ ಅರಸ ಬಿಜ್ಜಳನ ಭಂಡಾರಿಗಳು. ಮನುಷ್ಯರೆಲ್ಲರೂ ಒಬ್ಬರಿಗೊಬ್ಬರು ಸಂಬಂಧಿಗಳು ಎಂಬ ವಿಚಾರವನ್ನು ದುಡಿಮೆ, ಊಟ ಮತ್ತು ಮದುವೆಗಳಲ್ಲಿ ಆಚರಣೆಗೆ ತರಲು ಅವರು ಶ್ರಮಿಸಿದರು.

ಜನನ ಮತ್ತು ಬಾಲ್ಯ

ಇವರ ಜನ್ಮಸ್ಥಳ ಇಂದಿನ ವಿಜಯಪುರ ಜಿಲ್ಲೆಯಲ್ಲಿ ಕೊಲ್ಹಾರಕ್ಕೆ ನೆರೆಯದಾದ ಬಸವನ ಬಾಗೇವಾಡಿ. ತಂದೆ ಮಾದರಸ, ತಾಯಿ ಮಾದಲಾಂಬಿಕೆ, ಅಕ್ಕ ನಾಗಮ್ಮ. ಜನ್ಮವರ್ಷದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಉಪನಯನವನ್ನು ನಿರಾಕರಿಸಿ ಮನೆ ತೊರೆದ ಅವರು, ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮದಲ್ಲಿ ವಿದ್ಯಾಭ್ಯಾಸ ಮಾಡಿದರೆಂದು ಪರಂಪರೆ ಹೇಳುತ್ತದೆ.

ಕಾಯಕ ಮತ್ತು ದಾಸೋಹ

ಮಂಗಳವಾಡದಲ್ಲಿ ಕರಣಿಕರಾಗಿ ಸೇವೆಗೆ ಸೇರಿದ ಬಸವಣ್ಣನವರು ಮುಂದೆ ಭಂಡಾರಿಯ ಪದವಿಗೇರಿದರು. ಕಲ್ಯಾಣದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಅಧ್ಯಕ್ಷತೆಯಲ್ಲಿ ಅಂಬಿಗ, ಮಡಿವಾಳ, ಸಮಗಾರ ಮೊದಲಾದ ಕಾಯಕದವರೂ ಸ್ತ್ರೀಯರೂ ಸರಿಸಮನಾಗಿ ಕುಳಿತು ಚರ್ಚಿಸಿದರೆಂದು ಶರಣ ಸಾಹಿತ್ಯ ತಿಳಿಸುತ್ತದೆ. ಪ್ರಾಮಾಣಿಕ ದುಡಿಮೆಯೇ ಕಾಯಕ. ಅದರ ಫಲವನ್ನು ಸಮುದಾಯದೊಂದಿಗೆ ಹಂಚಿಕೊಳ್ಳುವುದೇ ದಾಸೋಹ. ಇವೆರಡರಿಂದ ಕಸುಬಿನ ಮೇಲು-ಕೀಳೆಂಬ ಭೇದಕ್ಕೆ ಆಧಾರವೇ ಇಲ್ಲದಂತಾಯಿತು.

ಸ್ಟೋಯಿಕ್ ಚಿಂತನೆಯೊಂದಿಗೆ ತುಲನೆ

ಕ್ರಿ.ಪೂ. 300ರ ಸುಮಾರಿಗೆ ಅಥೆನ್ಸಿನಲ್ಲಿ ಜೀನೋ ಆರಂಭಿಸಿದ ಸ್ಟೋಯಿಕ್ ಪಂಥವೂ ಮಾನವಕುಲ ಒಂದೇ ಎಂದು ಬೋಧಿಸಿತು. ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ (ಆಳ್ವಿಕೆ: ಕ್ರಿ.ಶ. 161–180) ಮನುಷ್ಯರನ್ನು ಒಂದೇ ದೇಹದ ಅವಯವಗಳೆಂದು ಭಾವಿಸಿದನು. ಅಧಿಕಾರದಲ್ಲಿದ್ದೂ ಆತ್ಮಪರೀಕ್ಷೆ ಮಾಡಿಕೊಂಡದ್ದು ಇಬ್ಬರಲ್ಲೂ ಕಾಣುವ ಗುಣ. ಆದರೆ ಸ್ಟೋಯಿಕರ ಆಧಾರ ವಿವೇಕ, ಬಸವಣ್ಣನವರದು ಭಕ್ತಿ. ಗುಲಾಮನೂ ಮನುಷ್ಯನೆಂದ ಸ್ಟೋಯಿಕರು ಗುಲಾಮಗಿರಿಯ ನಿರ್ಮೂಲನೆಗೆ ಚಳವಳಿ ಹೂಡಲಿಲ್ಲ. ಶರಣರು ಜಾತಿಯ ಗಡಿಯನ್ನು ಬದುಕಿನಲ್ಲಿಯೇ ದಾಟಲು ಮುಂದಾದರು.

ಕಲ್ಯಾಣದ ಕ್ರಾಂತಿ

ಈ ಪ್ರಯತ್ನಕ್ಕೆ ತೆತ್ತ ಬೆಲೆ ದೊಡ್ಡದು. ಪರಂಪರೆಯ ಪ್ರಕಾರ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದಾಗ ಬಿಜ್ಜಳನು ಇಬ್ಬರು ತಂದೆಯರಿಗೂ ಮರಣದಂಡನೆ ವಿಧಿಸಿದನು. ಬಿಜ್ಜಳನ ಹತ್ಯೆಯಾಯಿತು, ಶರಣರು ಚದುರಿದರು. ಕೆಲವರು ವಚನಗಳ ಕಟ್ಟುಗಳೊಂದಿಗೆ ಚನ್ನಬಸವಣ್ಣನವರ ನೇತೃತ್ವದಲ್ಲಿ ಉಳವಿಯತ್ತ ಸಾಗಿದರು. ಬಸವಣ್ಣನವರು ಕೂಡಲಸಂಗಮಕ್ಕೆ ಮರಳಿ ಅಲ್ಲಿಯೇ ಐಕ್ಯರಾದರು.

ಸ್ಮರಣೆ

ಬೆಳಗಾವಿ ಜಿಲ್ಲೆಯ ಅರ್ಜುನವಾಡದ ಶಾಸನ (1260) ಬಸವಣ್ಣನವರನ್ನು ಹೆಸರಿಸುತ್ತದೆ. ಚದುರಿಹೋಗಿದ್ದ ವಚನಗಳ ಓಲೆಗರಿಗಳನ್ನು ವಿಜಯಪುರದಲ್ಲಿ ನೆಲೆಸಿದ್ದ ಫ.ಗು. ಹಳಕಟ್ಟಿಯವರು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ಕೂಡಲಸಂಗಮದ ಐಕ್ಯಮಂಟಪವನ್ನು ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ರಕ್ಷಿಸಲು ಸುತ್ತಲೂ ಬಾವಿಯಂತಹ ಗೋಡೆ ಕಟ್ಟಲಾಗಿದೆ. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಅವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು.