ಮರೆವಿನ ಬೇರನ್ನು ಕಂಡ ವೈದ್ಯ ಆಲ್ಜೈಮರ್

ಮುಪ್ಪಿನಲ್ಲಿ ಮರೆವು ಬಂದರೆ ಅದಕ್ಕೆ ಅರಳುಮರಳು ಎಂದು ಹೆಸರಿಟ್ಟು ಸುಮ್ಮನಾಗುವುದು ನಮ್ಮವರ ವಾಡಿಕೆ. ಊರಿನಲ್ಲಿಯೂ ಹಾಗೆಯೇ, ಊರು ಬಿಟ್ಟು ಘೋಡ್ ನದಿಯ ದಡದ ಈ ಶಿರೂರಿಗೆ ಬಂದು ನೆಲೆಸಿದ ಕನ್ನಡಿಗರ ಮನೆಗಳಲ್ಲಿಯೂ ಹಾಗೆಯೇ. ಅರವತ್ತು ದಾಟಿದ ಮೇಲೆ ಬುದ್ಧಿ ಮಾಸುವುದು ಸಹಜವೆಂಬ ಭಾವನೆ ಒಂದು ಕಾಲಕ್ಕೆ ಯೂರೋಪಿನ ಪಂಡಿತರಲ್ಲಿಯೂ ಬಲವಾಗಿ ಬೇರೂರಿದ್ದಿತು. ಆ ಭಾವನೆಯನ್ನು ಅಲುಗಿಸಿದ ಅಲೋಯ್ಸ್ ಆಲ್ಜೈಮರನು ಇಂದು ರೋಗವೊಂದರ ಹೆಸರಾಗಿ ಮಾತ್ರ ಜನರ ಬಾಯಲ್ಲಿ ಉಳಿದಿದ್ದಾನೆ. ಆ ಹೆಸರಿನ ಹಿಂದೆ ಇದ್ದ ಮನುಷ್ಯನನ್ನು ಬಲ್ಲವರು ವಿರಳ.

ಜರ್ಮನಿಯ ಬವೇರಿಯ ಪ್ರಾಂತದಲ್ಲಿ, ಮೈನ್ ನದಿಯ ತೀರದ ಮಾರ್ಕ್ಟ್‌ಬ್ರೈಟ್ ಎಂಬ ಸಣ್ಣ ಊರಿನಲ್ಲಿ, ೧೮೬೪ನೆಯ ಇಸವಿ ಜೂನ್ ೧೪ರಂದು ಆತನ ಜನನವಾಯಿತು. ತಂದೆ ನೋಟರಿ. ಬರ್ಲಿನ್, ಟ್ಯೂಬಿಂಗೆನ್, ವ್ಯೂರ್ಟ್ಸ್‌ಬುರ್ಗ್‌ಗಳಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ, ಕಿವಿಯ ಗುಗ್ಗೆಯನ್ನು ಸ್ರವಿಸುವ ಗ್ರಂಥಿಗಳ ಮೇಲೆ ಪ್ರಬಂಧ ಬರೆದು, ೧೮೮೭ರಲ್ಲಿ ಡಾಕ್ಟರ್ ಪದವಿ ಪಡೆದನು. ಮರುವರ್ಷವೇ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯದಲ್ಲಿ ಸಹಾಯಕ ವೈದ್ಯನಾದನು.

ಹುಚ್ಚರೆಂದು ಕರೆಸಿಕೊಂಡವರನ್ನು ಕಟ್ಟಿಹಾಕುವುದೇ ಚಿಕಿತ್ಸೆಯೆಂದು ಹಲವರು ತಿಳಿದಿದ್ದ ಕಾಲವದು. ಫ್ರಾಂಕ್‌ಫರ್ಟಿನ ಮುಖ್ಯಾಧಿಕಾರಿ ಎಮಿಲ್ ಸಿಯೋಲಿ ಬಂಧನವನ್ನು ಒಪ್ಪದವನು. ಕೆರಳಿದ ರೋಗಿಗಳನ್ನು ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಬಹಳ ಹೊತ್ತು ಇರಿಸಿ ಸಮಾಧಾನಪಡಿಸುವ ಪದ್ಧತಿ ಅಲ್ಲಿತ್ತು. ೧೮೮೯ರಲ್ಲಿ ಫ್ರಾಂಟ್ಸ್ ನಿಸ್ಸಲ್ ಜೊತೆಗೂಡಿದನು. ನರಕೋಶಗಳಿಗೆ ಬಣ್ಣ ಹತ್ತಿಸಿ ಅವುಗಳ ರೂಪವನ್ನು ತೋರಿಸುವ ವಿದ್ಯೆಯಲ್ಲಿ ನಿಸ್ಸಲ್ ನಿಪುಣ. ಹಗಲು ರೋಗಿಗಳ ಹಾಸಿಗೆಯ ಬಳಿ, ರಾತ್ರಿ ಸೂಕ್ಷ್ಮದರ್ಶಕದ ಮುಂದೆ: ಗೆಳೆಯರಿಬ್ಬರ ದಿನಚರಿ ಇದಾಗಿತ್ತು.

೧೮೯೪ರಲ್ಲಿ ಆಲ್ಜೈಮರನು ಸೆಸೀಲಿಯೆ ಎಂಬ ಅನುಕೂಲವಂತ ವಿಧವೆಯನ್ನು ವಿವಾಹವಾದನು. ಮೂರು ಮಕ್ಕಳಾದವು. ಆದರೆ ೧೯೦೧ರಲ್ಲಿ ಆಕೆ ತೀರಿಕೊಂಡಳು. ಅದೇ ವರ್ಷದ ನವೆಂಬರಿನಲ್ಲಿ, ಪತ್ನೀವಿಯೋಗದ ದುಃಖವಿನ್ನೂ ಹಸಿಯಾಗಿರುವಾಗಲೇ, ಅಗಸ್ಟೆ ಡೆಟರ್ ಎಂಬ ಹೆಂಗಸು ಆತನ ಮುಂದೆ ಬಂದು ಕುಳಿತಳು.

ಆಕೆಯ ವಯಸ್ಸು ೫೧. ಗಂಡ ರೈಲ್ವೆಯಲ್ಲಿ ಗುಮಾಸ್ತ. ಅಚ್ಚುಕಟ್ಟಾಗಿ ಸಂಸಾರ ನಡೆಸಿದ್ದವಳು ಇದ್ದಕ್ಕಿದ್ದಂತೆ ಗಂಡನ ಮೇಲೆ ಸಂಶಯ ತಾಳಿದಳು, ಅಡಿಗೆ ಕೆಡತೊಡಗಿತು, ಸಾಮಾನುಗಳನ್ನು ಎಲ್ಲೆಲ್ಲೋ ಅಡಗಿಸಿಟ್ಟಳು. ಆಲ್ಜೈಮರನು ದಿನದಿನವೂ ಬಳಿಯಲ್ಲಿ ಕುಳಿತು ಪ್ರಶ್ನೆ ಕೇಳಿ, ಉತ್ತರವನ್ನು ಇದ್ದದ್ದಿದ್ದಂತೆ ಬರೆದಿಟ್ಟನು. ಗಂಡನ ಹೆಸರು ಕೇಳಿದರೆ ತನ್ನ ಹೆಸರನ್ನೇ ಹೇಳಿದಳು. ತಟ್ಟೆಯಲ್ಲಿ ಹೂಕೋಸು, ಹಂದಿಮಾಂಸ ಇದ್ದಾಗ ತಾನು ತಿನ್ನುತ್ತಿರುವುದು ಬಸಳೆಯಂಥ ಸೊಪ್ಪೆಂದಳು. ಹೆಸರನ್ನು ಬರೆಯೆಂದರೆ ಶ್ರೀಮತಿ ಎಂಬಷ್ಟನ್ನು ಬರೆದು, ಮುಂದಿನದನ್ನು ಮರೆತು ಕೈ ನಿಲ್ಲಿಸಿದಳು. ತನ್ನನ್ನು ತಾನೇ ಕಳೆದುಕೊಂಡಿದ್ದೇನೆಂದು ಆಕೆ ಹಲುಬುತ್ತಿದ್ದುದನ್ನೂ ಆತನು ದಾಖಲಿಸಿದನು. ಕೊಡಲು ಔಷಧವಿರಲಿಲ್ಲ. ಆಕೆಯ ಮಾತನ್ನು ತಾಳ್ಮೆಯಿಂದ ಕೇಳಿ ಬರೆದಿಡುವುದು ಸಾಧ್ಯವಿತ್ತು. ಅದನ್ನು ಆತನು ಬಿಡಲಿಲ್ಲ.

ಮುಂದೆ ಕ್ರೆಪೆಲಿನ್ ಎಂಬ ಪ್ರಖ್ಯಾತ ಆಚಾರ್ಯನ ಕರೆಯ ಮೇರೆಗೆ ಹೈಡೆಲ್‌ಬರ್ಗಿಗೂ, ೧೯೦೩ರಲ್ಲಿ ಮ್ಯೂನಿಚ್ಚಿಗೂ ಹೋದನು. ಅಲ್ಲಿ ಹಲವು ಕಾಲ ಸಂಬಳವಿಲ್ಲದೆ ದುಡಿದನೆಂಬುದನ್ನು ಇಂದಿನವರು ನಂಬುವುದು ಕಷ್ಟ. ಶಿಷ್ಯರ ಸೂಕ್ಷ್ಮದರ್ಶಕಗಳನ್ನು ಒಂದೊಂದಾಗಿ ನೋಡುತ್ತ ಹೋಗುವಾಗ ಕೈಯ ಚುಟ್ಟವನ್ನು ಪ್ರತಿ ಮೇಜಿನ ಮೇಲೂ ಮರೆತುಬಿಡುತ್ತಿದ್ದನಂತೆ! ಮರೆವನ್ನು ಅಭ್ಯಸಿಸಿದವನ ಮರೆವು ಇದು.

೧೯೦೬ರ ಏಪ್ರಿಲ್ ೮ರಂದು ಅಗಸ್ಟೆ ತೀರಿಕೊಂಡಳು. ಆಕೆಯ ಮಿದುಳನ್ನು ಫ್ರಾಂಕ್‌ಫರ್ಟಿನಿಂದ ತರಿಸಿಕೊಂಡು, ತೆಳುವಾದ ಪದರಗಳಾಗಿ ಕೊಯ್ದು, ಬೆಳ್ಳಿಯ ಲವಣದಿಂದ ಬಣ್ಣಗಟ್ಟಿ ನೋಡಿದಾಗ ಎರಡು ವಿಕಾರಗಳು ಕಂಡವು. ನರಕೋಶಗಳ ನಡುವೆ ಯಾವುದೋ ವಸ್ತುವಿನ ಗಟ್ಟಿಯಾದ ಚುಕ್ಕೆಗಳು. ಕೋಶಗಳ ಒಳಗೆ ಸಿಕ್ಕುಗಟ್ಟಿದ ನೂಲಿನಂಥ ಎಳೆಗಳು. ಆ ವರ್ಷದ ನವೆಂಬರ್ ೩ರಂದು ಟ್ಯೂಬಿಂಗೆನ್ನಿನಲ್ಲಿ ಕೂಡಿದ ಮನೋವೈದ್ಯರ ಸಭೆಯಲ್ಲಿ ಆತನು ಇದನ್ನು ವಿವರಿಸಿದನು. ಸಭಿಕರಲ್ಲಿ ಒಬ್ಬನೂ ಪ್ರಶ್ನೆ ಕೇಳಲಿಲ್ಲ. ೧೯೧೦ರಲ್ಲಿ ಕ್ರೆಪೆಲಿನ್ ತನ್ನ ಗ್ರಂಥದಲ್ಲಿ ಈ ವ್ಯಾಧಿಗೆ ಆಲ್ಜೈಮರನ ಹೆಸರಿಟ್ಟನು.

೧೯೧೨ರಲ್ಲಿ ಬ್ರೆಸ್ಲೌ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪದವಿ ದೊರೆಯಿತು. ಆದರೆ ಅಲ್ಲಿಗೆ ಹೋಗುವ ರೈಲಿನಲ್ಲಿಯೇ ಕಾಯಿಲೆ ಬಿದ್ದನು. ಹೃದಯ ಮತ್ತೆ ಸುಧಾರಿಸಲಿಲ್ಲ. ೧೯೧೫ರ ಡಿಸೆಂಬರ್ ೧೯ರಂದು ಮೃತನಾದನು. ಆಗ ಆತನಿಗೂ ೫೧ ವರ್ಷ. ಫ್ರಾಂಕ್‌ಫರ್ಟಿನಲ್ಲಿ ಪತ್ನಿಯ ಪಕ್ಕದಲ್ಲಿ ಸಮಾಧಿಯಾಯಿತು.

ಆತನ ಹೆಸರಿನ ರೋಗವನ್ನು ನಡುವಯಸ್ಸಿನವರಿಗೆ ಅಪರೂಪವಾಗಿ ಬರುವುದೆಂದೇ ವೈದ್ಯರು ಬಹುಕಾಲ ಎಣಿಸಿದರು. ೧೯೬೦ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಸಂಶೋಧಕರು ಬುದ್ಧಿಮಾಂದ್ಯಕ್ಕೀಡಾದ ವೃದ್ಧರ ಮಿದುಳಿನಲ್ಲಿಯೂ ಅದೇ ವಿಕಾರಗಳನ್ನು ಕಂಡ ಮೇಲೆಯೇ ಅರಳುಮರಳೆಂಬುದು ಬಹುಪಾಲು ರೋಗವೆಂಬ ಅರಿವು ಹರಡಿತು. ೧೯೮೪ರಲ್ಲಿ ಆ ಚುಕ್ಕೆಗಳ ದ್ರವ್ಯವಾದ ಅಮಿಲಾಯ್ಡ್ ಎಂಬ ಪ್ರೋಟೀನಿನ ಸ್ವರೂಪ ತಿಳಿಯಿತು. ೧೯೯೫ರಲ್ಲಿ ಫ್ರಾಂಕ್‌ಫರ್ಟಿನ ಕಡತಗಳ ರಾಶಿಯಲ್ಲಿ ಅಗಸ್ಟೆಯ ದಾಖಲೆ, ಆಲ್ಜೈಮರನ ಹಸ್ತಾಕ್ಷರ ಸಹಿತ, ಸಿಕ್ಕಿತು.

ಅಮಿಲಾಯ್ಡನ್ನು ಕರಗಿಸುವ ಲೆಕಾನೆಮಾಬ್ ಎಂಬ ಔಷಧಕ್ಕೆ ಅಮೆರಿಕೆಯಲ್ಲಿ ೨೦೨೩ರಲ್ಲಿ ಒಪ್ಪಿಗೆ ದೊರೆತಿದೆ. ಅದರಿಂದ ರೋಗ ವಾಸಿಯಾಗದು. ಆರಂಭದ ಹಂತದವರಲ್ಲಿ ಹದಿನೆಂಟು ತಿಂಗಳ ಪರೀಕ್ಷೆಯಲ್ಲಿ ಕ್ಷೀಣತೆಯ ವೇಗವನ್ನು ಶೇಕಡಾ ೨೭ರಷ್ಟು ತಗ್ಗಿಸಿತು. ಕೆಲವರಲ್ಲಿ ಮಿದುಳಿನ ಬಾವು, ರಕ್ತಸ್ರಾವಗಳೂ ಕಂಡವು. ಇದನ್ನು ದೊಡ್ಡ ಗೆಲುವೆಂದು ಡಂಗುರ ಹೊಡೆಯುವವರ ಉತ್ಸಾಹ ನಮಗಿಲ್ಲ. ಕಿವುಡುತನ, ರಕ್ತದೊತ್ತಡ, ಸಕ್ಕರೆ ರೋಗ, ಧೂಮಪಾನ, ಒಂಟಿತನ ಮೊದಲಾದ ಹದಿನಾಲ್ಕು ಕಾರಣಗಳನ್ನು ನೀಗಿಸಿದರೆ ಡಿಮೆನ್ಶಿಯದ ಸುಮಾರು ಶೇಕಡಾ ೪೫ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಾದೀತೆಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞಮಂಡಲಿ ೨೦೨೪ರಲ್ಲಿ ತಿಳಿಸಿತು. ಶ್ರವಣಯಂತ್ರ ತರುವುದು ನಮ್ಮ ಕೈಲಾಗುವ ಕೆಲಸ.

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು ೮೮ ಲಕ್ಷ ಮಂದಿ ಡಿಮೆನ್ಶಿಯ ಪೀಡಿತರೆಂದು ೨೦೨೩ರಲ್ಲಿ ಪ್ರಕಟವಾದ ಅಂದಾಜು. ಇವರಿಗೆ ಸಂಬಂಧಿಸಿದ ಒಂದು ಶೋಧ ಪರನಾಡಿನ ಕನ್ನಡಿಗರಿಗೆ ವಿಶೇಷವಾಗಿ ತಟ್ಟುವಂಥದು. ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಸುವರ್ಣ ಅಲ್ಲಾಡಿಯವರು ಹೈದರಾಬಾದಿನಲ್ಲಿ ೬೪೮ ರೋಗಿಗಳನ್ನು ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟಿಸಿದಂತೆ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ಅನಕ್ಷರಸ್ಥರಲ್ಲಿಯೂ ಭಾಷೆಯ ಈ ಲಾಭ ಕಂಡಿತು. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ, ಪೇಟೆಯಲ್ಲಿ ಮರಾಠಿಯನ್ನೋ ಹಿಂದಿಯನ್ನೋ ಆಡುವವರಿಗೆ ಇದು ಸಂತೋಷದ ವಾರ್ತೆ.

ಆದರೆ ತೊಡಕೂ ಇದೆ. ನೆನಪಿನ ಪರೀಕ್ಷೆಯೆಂದರೆ ಈಗಲೂ ಆಲ್ಜೈಮರನು ಕೇಳಿದಂಥ ಪ್ರಶ್ನೆಗಳೇ: ಇಂದು ಯಾವ ವಾರ, ಇದು ಯಾವ ಊರು, ಈ ವಸ್ತುವಿನ ಹೆಸರೇನು. ಆತನೂ ಅಗಸ್ಟೆಯೂ ಒಂದೇ ಭಾಷೆಯವರು. ಮೊನ್ನೆಯಷ್ಟೇ ಊರಿನಿಂದ ಮಗನ ಮನೆಗೆಂದು ಶಿರೂರಿಗೆ ಬಂದ ತಾಯಿಯನ್ನು ಮರಾಠಿಯಲ್ಲಿ ಪ್ರಶ್ನಿಸಿದರೆ ಆಕೆಯ ಮೌನವು ಮರೆವೋ ಭಾಷೆಯ ಅಪರಿಚಯವೋ ಎಂಬುದನ್ನು ಯಾವ ವೈದ್ಯನೂ ಹೇಳಲಾರನು. ಹೀಗೆ ಪರೀಕ್ಷೆಗೆ ಕರೆದೊಯ್ಯುವಾಗ ಎರಡೂ ಭಾಷೆ ಬಲ್ಲ ಮನೆಯವರೊಬ್ಬರು ಜೊತೆಗಿದ್ದು, ಪ್ರಶ್ನೆಯನ್ನು ಆಕೆಯ ಮಾತಿನಲ್ಲಿ ಹೇಳಿ, ಉತ್ತರವನ್ನು ತಿದ್ದದೆ ವೈದ್ಯರಿಗೆ ಮುಟ್ಟಿಸಬೇಕು.