ಜೋಡಿ ನಕ್ಷತ್ರಗಳ ಜಾಡು ಹಿಡಿದ ಹರ್ಷೆಲ್

ಮಕ್ಕಳೇ, ಪುನರ್ವಸು ಮಳೆ ನಿಮಗೆ ಗೊತ್ತಲ್ಲವೇ? ಜುಲೈ ತಿಂಗಳಲ್ಲಿ ಕುದುರೆಮುಖ, ಕಳಸದ ಕಡೆ ಬಿಡದೆ ಸುರಿಯುವ ಮಳೆ ಅದು. ಆಗ ಸೂರ್ಯ ಪುನರ್ವಸುವಿನ ದಿಕ್ಕಿನಲ್ಲೇ ಇರುವುದರಿಂದ ಆ ನಕ್ಷತ್ರ ಕಾಣುವುದಿಲ್ಲ. ಜನವರಿಯಲ್ಲಿ ಕಾಫಿ ಕೊಯ್ಲಿನ ಸಮಯಕ್ಕೆ, ರಾತ್ರಿ ಎಂಟು ಗಂಟೆಗೆ ಕಣದಲ್ಲಿ ನಿಂತು ಪೂರ್ವಕ್ಕೆ ನೋಡಿ. ಅಕ್ಕಪಕ್ಕದಲ್ಲಿ ಎರಡು ನಕ್ಷತ್ರಗಳು ಹೊಳೆಯುತ್ತವೆ. ಅವೇ ಪುನರ್ವಸು. ಸ್ವಲ್ಪ ಮಂದವಾದುದರ ಹೆಸರು ಕ್ಯಾಸ್ಟರ್. ದೂರದರ್ಶಕದಲ್ಲಿ ನೋಡಿದರೆ ಕ್ಯಾಸ್ಟರ್ ಒಂದಲ್ಲ, ಎರಡು! ಅವು ಒಂದನ್ನೊಂದು ಸುತ್ತುತ್ತಿವೆ ಎಂದು ತೋರಿಸಿದವರು ವಿಲಿಯಂ ಹರ್ಷೆಲ್.

ಹರ್ಷೆಲ್ 1738ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಜನಿಸಿದರು. ತಂದೆ ಸೈನ್ಯದ ವಾದ್ಯಗಾರರು. 1757ರಲ್ಲಿ ಹರ್ಷೆಲ್ ಇಂಗ್ಲೆಂಡಿಗೆ ಹೋಗಿ ಸಂಗೀತ ಕಲಿಸಿ ಜೀವನ ಸಾಗಿಸಿದರು. ಆಕಾಶ ನೋಡುವ ಆಸೆಯಿಂದ ಲೋಹದ ಕನ್ನಡಿಗಳನ್ನು ತಾವೇ ಉಜ್ಜಿ ದೂರದರ್ಶಕ ತಯಾರಿಸಿದರು. ಉಜ್ಜುವಾಗ ಗಂಟೆಗಟ್ಟಲೆ ಕೈ ತೆಗೆಯುವಂತಿರಲಿಲ್ಲ. ಆಗ ತಂಗಿ ಕ್ಯಾರೊಲಿನ್ ಅವರ ಬಾಯಿಗೆ ತುತ್ತು ಇಡುತ್ತಿದ್ದರು! 1781ರಲ್ಲಿ ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡುಹಿಡಿದರು.

ನಕ್ಷತ್ರಗಳು ಎಷ್ಟು ದೂರದಲ್ಲಿವೆ? ಇದು ಅವರನ್ನು ಕಾಡಿದ ಪ್ರಶ್ನೆ. ಜೋಡಿಯಾಗಿ ಕಾಣುವ ನಕ್ಷತ್ರಗಳಲ್ಲಿ ಒಂದು ಹತ್ತಿರ, ಇನ್ನೊಂದು ಬಹುದೂರ ಇರಬಹುದು; ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ್ದು ಆಚೀಚೆ ಸರಿದಂತೆ ಕಾಣಬೇಕು ಎಂದು ಅವರು ಯೋಚಿಸಿದರು. 1782ರಲ್ಲಿ 269 ಜೋಡಿಗಳ ಪಟ್ಟಿ ಮಾಡಿದರು. ಪ್ರತಿ ಜೋಡಿಯಲ್ಲೂ ಎರಡು ಅಳತೆ: ನಕ್ಷತ್ರಗಳ ನಡುವಿನ ಅಂತರ ಮತ್ತು ಒಂದರಿಂದ ಇನ್ನೊಂದು ಯಾವ ದಿಕ್ಕಿನಲ್ಲಿದೆ ಎಂಬ ಕೋನ.

ಇಪ್ಪತ್ತು ವರ್ಷಗಳ ನಂತರ ಮತ್ತೆ ಅಳೆದರು. ಹುಡುಕಿದ್ದು ಸಿಗಲಿಲ್ಲ. ಆದರೆ ಕೆಲವು ಜೋಡಿಗಳ ಕೋನ ಒಂದೇ ಕಡೆಗೆ ತಿರುಗುತ್ತಾ ಹೋಗಿತ್ತು! ಬ್ರಾಡ್ಲಿ ಎಂಬ ವಿಜ್ಞಾನಿ ಕ್ಯಾಸ್ಟರ್ ಬಗ್ಗೆ 1759ರಲ್ಲಿ ಬರೆದಿಟ್ಟಿದ್ದನ್ನೂ ಹರ್ಷೆಲ್ ಬಳಸಿಕೊಂಡರು. ಸುಮಾರು 43 ವರ್ಷಗಳಲ್ಲಿ ಅದು ಸುಮಾರು 45 ಡಿಗ್ರಿ ತಿರುಗಿತ್ತು. ಪೂರ್ಣ ಸುತ್ತಿಗೆ 360 ಡಿಗ್ರಿ, ಅಂದರೆ ಅದರ ಎಂಟು ಪಟ್ಟು. ನೀವೇ ಗುಣಿಸಿ ನೋಡಿ, 344 ವರ್ಷ ಬರುತ್ತದೆ. ನಿಖರ ಅಳತೆಗಳಿಂದ ಹರ್ಷೆಲ್ ಪಡೆದ ಉತ್ತರ 342 ವರ್ಷ. ಆದರೆ ಕಕ್ಷೆ ದೀರ್ಘವೃತ್ತವಾದ್ದರಿಂದ ವೇಗ ಒಂದೇ ಸಮನಾಗಿರುವುದಿಲ್ಲ. ಇಂದಿನ ಲೆಕ್ಕದಂತೆ ಒಂದು ಸುತ್ತಿಗೆ ಸುಮಾರು 460 ವರ್ಷ ಬೇಕು.

1803ರಲ್ಲಿ ಹರ್ಷೆಲ್ ಇದನ್ನು ಪ್ರಕಟಿಸಿದರು. ಸೌರವ್ಯೂಹದ ಆಚೆಗೂ ಗುರುತ್ವಾಕರ್ಷಣೆ ಇದೆ ಎಂಬುದಕ್ಕೆ ಇದು ದೊಡ್ಡ ಸಾಕ್ಷಿಯಾಯಿತು.

ಹರ್ಷೆಲ್ 1822ರಲ್ಲಿ ನಿಧನರಾದರು. ಬ್ರಾಡ್ಲಿ ಬರೆದಿಟ್ಟ ಕ್ಯಾಸ್ಟರ್ ಜೋಡಿ ಅಂದಿನಿಂದ ಇನ್ನೂ ಒಂದು ಸುತ್ತು ಮುಗಿಸಿಲ್ಲ. ಒಬ್ಬರ ಆಯುಸ್ಸು ಅದಕ್ಕೆ ಸಾಲದು. ಒಬ್ಬರು ಬರೆದಿಟ್ಟದ್ದನ್ನು ಇನ್ನೊಬ್ಬರು ಮುಂದುವರಿಸಬೇಕು. ನೀವೂ ನೋಡಿದ್ದನ್ನು ದಿನಾಂಕದೊಂದಿಗೆ ಬರೆದಿಡುತ್ತೀರಲ್ಲವೇ?